ತಿದಿ ಹುಡುಕಿದ ಎಡಗೈ

ಪೆಟ್ಟಿಗೆ ಮಾವನಿಗೆ ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತು. ಮೀಸೆ ಕಪ್ಪಗಿದ್ದಾಗ ನೃತ್ಯಶಾಲೆಯ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕುರ್ಚಿಯಲ್ಲಿ ಕೂತವನು, ಹಲ್ಲು ಉದುರಿದರೂ ಅಲ್ಲಿಂದ ಏಳಲಿಲ್ಲ. ಬಲಗೈ ಕೀಗಳ ಮೇಲೆ, ಎಡಗೈ ಗಾಳಿ ಒತ್ತುವ ತಿದಿಯ ಮೇಲೆ. ಆ ಎಡಗೈಗೆ ಅದು ಎಂಥ ಚಟವಾಗಿತ್ತೆಂದರೆ, ಊಟಕ್ಕೆ ಕೂತರೂ ತೊಡೆಯ ಪಕ್ಕದಲ್ಲಿ ಹಿಂದೆ ಮುಂದೆ ಆಡುತ್ತಲೇ ಇರುತ್ತಿತ್ತು.

"ಉಣ್ತಿದ್ದೀರೋ, ಒಲೆ ಊದ್ತಿದ್ದೀರೋ?" ಎಂದು ಹೆಂಡತಿ ಕೇಳುವಳು.

ಅವಳಿಗೆ ಹಾಡು ಬರುತ್ತಿತ್ತು, ನಾಲಿಗೆಯೂ ಚುರುಕು. "ನಿಮ್ಮ ಪೆಟ್ಟಿಗೆ ಮಂಡಿನೋವಿನ ಮುದುಕನ ಹಾಗೆ ಕಣ್ರೀ, ಸ್ವರದಿಂದ ಸ್ವರಕ್ಕೆ ಒಂದೊಂದೇ ಮೆಟ್ಟಿಲು ಇಳಿಯತ್ತೆ. ನನ್ನ ಗಂಟಲು ನೋಡಿ, ಜಾರುಬಂಡೆ!" ಹಾರ್ಮೋನಿಯಂಗೆ ಜಾರಲು ಬಾರದು ಎಂಬುದು ಮಾವನಿಗೂ ಗೊತ್ತಿದ್ದ ಮಾತೇ.

ಒಂದು ದಿನ ಇಲಿ ತಿದಿಯನ್ನು ಕಡಿದು ಹಾಕಿತು. ರಿಪೇರಿ ಮಾಡುವವರು ಯಾರೂ ಸಿಗಲಿಲ್ಲ. ನೃತ್ಯ ಕಲಿಸುವ ಟೀಚರಮ್ಮನ ತಮ್ಮ ಕಂಪ್ಯೂಟರ್ ಬಲ್ಲವನು. ತೆಳ್ಳಗಿನ ಹಲಗೆಯಂಥದ್ದೊಂದನ್ನು ಕಂಕುಳಲ್ಲಿ ಇರುಕಿಕೊಂಡು ತಂದ.

"ಮಿಡಿ ಕೀಬೋರ್ಡ್, ಮಾವ."

ಮಾವ ಒಂದು ಕೀ ಒತ್ತಿದ. ಸದ್ದಿಲ್ಲ. ಇನ್ನೊಂದು ಒತ್ತಿದ. ಊಹೂಂ.

"ಸತ್ತೋಗಿರೋದನ್ನ ತಂದಿದ್ದೀಯಲ್ಲೋ!"

"ಸತ್ತಿಲ್ಲ ಮಾವ, ಇದಕ್ಕೆ ಸ್ವಂತ ಸ್ವರ ಇಲ್ಲ. ನೀವು ಯಾವ ಕೀ ಒತ್ತಿದ್ರಿ, ಎಷ್ಟು ಜೋರಾಗಿ ಒತ್ತಿದ್ರಿ ಅಂತ ಕಂಪ್ಯೂಟರಿಗೆ ಚಾಡಿ ಹೇಳತ್ತೆ. ಹಾಡೋದು ಅದು."

"ಅಂದ್ರೆ ದುಡಿಯೋರು ಒಬ್ರು, ಹೆಸರು ತಗೊಳ್ಳೋರು ಇನ್ನೊಬ್ರು."

ತಮ್ಮ ನಗುತ್ತ ವೈರು ಸಿಕ್ಕಿಸಿದ. ಅದೇ ಕೀಗಳಲ್ಲಿ ಕೊಳಲು ಬಂತು, ಪಿಟೀಲು ಬಂತು. ಚೌಕಾಕಾರದ ಮೆತ್ತನೆ ಗುಂಡಿಗಳನ್ನು ಬಡಿದರೆ ಡೋಲು. ಮೇಲೆ ಸಾಲಾಗಿ, ರೇಡಿಯೋಗೆ ಇರುವಂಥ ತಿರುಗಿಸುವ ಗುಬ್ಬಿಗಳು.

"ಇವಕ್ಕೆ ಯಾವ ಕೆಲಸ ಹೇಳಿದ್ರೂ ಮಾಡ್ತವೆ."

"ಸೊಸೆ ಹಾಗೆ?"

"ಯಾವ ಕಾಲದ ಸೊಸೆ, ಮಾವ?"

ಎಡತುದಿಯಲ್ಲಿ ಒಂದು ಪುಟ್ಟ ಚಕ್ರವಿತ್ತು. "ಇದನ್ನ ತಿರುಗಿಸಿದ್ರೆ ಸ್ವರ ಬಾಗತ್ತೆ, ಬಿಟ್ರೆ ತಾನೇ ವಾಪಸ್ ಬರತ್ತೆ. ನೀವು ಇದರ ತಂಟೆಗೆ ಹೋಗ್ಬೇಡಿ."

ಟೀಚರಮ್ಮ ಮೆಲ್ಲಗೆ ಹೇಳಿದಳು: "ನಾಳೆ ಕ್ಲಾಸಿಗೆ ನುಡಿಸಿ ನೋಡಿ, ಮಾವ. ಕೈಗೆ ಒಗ್ಗಿದ್ರೆ ಸರಿ. ಇಲ್ಲಾಂದ್ರೆ ಮನೇಲಿ ಹಾಯಾಗಿರಿ."

ಹಾಯಾಗಿರಿ! ಆ ಕುರ್ಚಿ ಹೋದರೆ ದಿನವಿಡೀ ಜಾರುಬಂಡೆಯ ಎದುರು ಕೂರಬೇಕಲ್ಲ.

ಮರುದಿನ ತಮಾಷೆ ನೋಡಲು ಹೆಂಡತಿಯೂ ಬಂದು ಬಾಗಿಲ ಬಳಿ ಕೂತಳು. ಪಿಟೀಲಿನ ಸ್ವರ ಇಟ್ಟರು. ಬಲಗೈ ತಪ್ಪಲಿಲ್ಲ. ಎಡಗೈ ಮಾತ್ರ ಹಳೇ ಮನೆಯ ದಾರಿ ಹಿಡಿದ ಹಸುವಿನಂತೆ ತಿದಿ ಹುಡುಕುತ್ತ ಹೋಗಿ ಚಕ್ರ ಹಿಡಿಯಿತು. ಸ್ವರ ಕುಸಿಯಿತು. ಗಾಳಿ ಸಾಲದು ಎಂದುಕೊಂಡ ಮಾವ ಇನ್ನೂ ಒತ್ತಿದ. "ಚಕ್ರ ಬಿಡಿ, ಚಕ್ರ!" ಎಂದು ತಮ್ಮ ಪಿಸುಗುಟ್ಟಿದ್ದು ಯಾರಿಗೆ ಕೇಳಬೇಕು? ಸ್ವರ ಬಾಗಿತು, ಬಳುಕಿತು, ಜಾರಿ ಮುಂದಿನ ಸ್ವರದ ಮಡಿಲಿಗೆ ಬಿತ್ತು. ಕುಣಿಯುವ ಹುಡುಗಿಯರ ತೋಳುಗಳೂ ಅದರ ಜೊತೆ ಬಾಗಿದವು.

ಟೀಚರಮ್ಮ ಕಣ್ಣೊರೆಸಿಕೊಂಡಳು. "ಇಷ್ಟು ದಿನ ಇದನ್ನೆಲ್ಲಿ ಬಚ್ಚಿಟ್ಟಿದ್ರಿ, ಮಾವ?"

"ಅಭ್ಯಾಸ, ತಾಯಿ," ಎಂದ ಮಾವ ಗಂಭೀರವಾಗಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಾಗಿಲ ಬಳಿ ಕೂತಿದ್ದವಳು ತಮಾಷೆ ಮರೆತು ಕುರ್ಚಿಯ ಹತ್ತಿರಕ್ಕೆ ಸರಿದು ಕೂತಿದ್ದಳು.

ಆಗ ತಮ್ಮ ಹಿಗ್ಗಿ ಹೀರೇಕಾಯಿಯಾದ. "ಅಕ್ಕಾ, ಒತ್ತಿದ್ದೆಲ್ಲಾ ಕಂಪ್ಯೂಟರ್ ಹಿಡಿದಿಟ್ಟಿದೆ! ಇನ್ಮೇಲೆ ಅದೇ ನುಡಿಸತ್ತೆ. ಮಾವನಿಗೆ ಬರೋ ಶ್ರಮಾನೇ ಇಲ್ಲ."

ಚೆನ್ನಾಗಿ ನುಡಿಸಿದ ತಪ್ಪಿಗೆ ಮಾವ ಮನೆ ಸೇರಿದ.

"ಕೂತ ಕೊಂಬೆ ಕಡಿಯೋದಕ್ಕೆ ನಿಮ್ಮಷ್ಟು ಇಂಪಾಗಿ ಯಾರಿಗೂ ಬರಲ್ಲ," ಎಂದಳು ಹೆಂಡತಿ. ಆದರೆ ಅಂದು ಅವನ ತಟ್ಟೆಗೆ ಒಂದು ಸೌಟು ಹೆಚ್ಚೇ ಬಡಿಸಿದಳು.

ವಾರ ಕಳೆಯುವುದರೊಳಗೆ ಟೀಚರಮ್ಮ ಅವರ ಮನೆ ಬಾಗಿಲಲ್ಲಿ ನಿಂತಿದ್ದಳು. ಕೊನೇ ಸಾಲಿನಲ್ಲಿ ಒಂದು ಗುಂಡುಗುಂಡಗಿನ ಮಗು, ತಿರುಗುವಾಗ ಯಾವತ್ತೂ ಹಿಂದೆ ಬೀಳುತ್ತಿತ್ತು, ಒಂದು ದಿನ ಚೂರು, ಒಂದು ದಿನ ಜಾಸ್ತಿ. ಅದು ತಿರುಗಿ ಮುಗಿಸುವತನಕ ಮಾವ ಒಂದು ಸ್ವರವನ್ನು ಎಳೆದು ಹಿಡಿದಿರುತ್ತಿದ್ದ. ಅದು ಯಾರಿಗೂ ತಿಳಿದಿರಲಿಲ್ಲ. ಈಗ ಮಗು ತಿರುಗುವಷ್ಟರಲ್ಲಿ ಹಾಡು ಮುಂದೆ ಹೋಗಿ, ಸಾಲಿಗೆ ಸಾಲೇ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

"ಹಾಡು ಕಾಯೋದೇ ಇಲ್ಲ, ಮಾವ. ಬಂದ್ಬಿಡಿ."

ಮಾವ ಮತ್ತೆ ಕುರ್ಚಿ ಏರಿದ. ನುಡಿಸುವುದು ಕಂಪ್ಯೂಟರೇ, ಕೀ ಮುಟ್ಟುವಂತಿಲ್ಲ. ಒಂದು ಗುಬ್ಬಿಗೆ ಹಾಡಿನ ವೇಗ ಹೆಚ್ಚುಕಡಿಮೆ ಮಾಡುವ ಕೆಲಸ ವಹಿಸಿದ್ದರು. ಮಗು ತಿರುಗುವಾಗ ಅದನ್ನು ಚೂರು ಹಿಂದಕ್ಕೆ, ತಿರುಗಿದ ಮೇಲೆ ಮುಂದಕ್ಕೆ. ಅಷ್ಟೇ.

ನೋಡಲು ಬಂದ ತಾಯಂದಿರು, "ಈ ವಯಸ್ಸಲ್ಲೂ ಏನ್ ನುಡಿಸ್ತೀರಿ!" ಎಂದರು. ಮಾವ ತಲೆಯಾಡಿಸಿ ಒಪ್ಪಿಕೊಂಡ. ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಕುರ್ಚಿಯ ಪಕ್ಕದಲ್ಲಿ ಎಡಗೈ ತನ್ನಷ್ಟಕ್ಕೆ ತಾನು ಗಾಳಿ ಒತ್ತುತ್ತಿತ್ತು.