ಗುರುಸಂಗಪ್ಪನ ಮೂಗು

ಕೊಟ್ಟೂರಿನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದ ಗುರುಸಂಗಪ್ಪನಿಗೆ ಜನ 'ಮೂಗಿನ ಗುರುಸಂಗಪ್ಪ' ಎನ್ನುತ್ತಿದ್ದರು. ಮೂಗು ದೊಡ್ಡದಿತ್ತು ಅಂತಲ್ಲ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದು ಮಾಮೂಲಾಗಿದ್ದ ತೊಂಬತ್ತರ ದಶಕದಲ್ಲಿ, ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಬೆರಕೆ ಹೌದೋ ಅಲ್ಲವೋ ಹೇಳಿಬಿಡುತ್ತಿದ್ದ. ಅನುಮಾನ ಬಂದರೆ ನಾಲಿಗೆಗೂ ಹಚ್ಚಿಕೊಳ್ಳುವನು. ಮೈಲಾರದ ಕಡೆ ಹೊಳೆದಂಡೆಯಲ್ಲಿ ಎಂಜಿನ್ ಇಟ್ಟು ನೀರೆತ್ತುವ ರೈತರೂ ಇವನ ಬಳಿ ಕ್ಯಾನ್ ತರುತ್ತಿದ್ದರು. "ಚೊಕ್ಕ ಐತಿ, ಹಾಕ್ಕೊಳ್ರಿ" ಎಂದು ಇವನು ಅಂದ ಮೇಲೇ ಅದು ಎಂಜಿನ್ನಿಗೆ ಹೋಗುತ್ತಿತ್ತು.

ನಾನು ಪಕ್ಕದ ಮನೆಯ ಶಾಲಾ ಮಾಸ್ತರ. ಅವನ ಕೆಲಸ ನೋಡಿದಾಗೆಲ್ಲ ಬೈಯುತ್ತಿದ್ದೆ. ಟ್ಯಾಂಕಿನಿಂದ ಡೀಸೆಲ್ ಇಳಿಸಬೇಕೆಂದರೆ ಪೈಪಿಗೆ ಬಾಯಿ ಹಚ್ಚಿ ಎಳೆಯುವನು. ಅರ್ಧ ಗುಟುಕು ಒಳಗೆ, ಅರ್ಧ ಗುಟುಕು ನೆಲಕ್ಕೆ. ಎಂಜಿನ್ ಭಾಗ ತೊಳೆದ ಪೆಟ್ರೋಲಿನಲ್ಲೇ ಕೈ ತೊಳೆಯುವನು. ಬೆರಳುಗಳ ಸಂದಿ ಯಾವಾಗಲೂ ಒಡೆದಿರುತ್ತಿತ್ತು. ಬೈದರೆ, "ನೀವು ಸುಣ್ಣದಕಡ್ಡಿ ಪುಡಿ ನುಂಗಂಗಿಲ್ಲೇನ್ರಿ ಮಾಸ್ತರ?" ಎಂದು ನಗುತ್ತಿದ್ದ. ಬೆಳಗಿನ ಅವನ ಕೆಮ್ಮು ಮಾತ್ರ ನಮ್ಮ ಮನೆಗೂ ಕೇಳುತ್ತಿತ್ತು.

ಹೆಂಡತಿ ಅನ್ನದಾನಮ್ಮ ಅವನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುವಳು. "ಇವತ್ತಿನ ಡೀಸೆಲ್‌ನಾಗ ಸೀಮೆಎಣ್ಣಿ ಬಾಳ ಐತಿ" ಎಂದು ಒಗೆಯುತ್ತಲೇ ಗೊಣಗುವಳು. ಗಂಡನ ಮೂಗಿಗೆ ಊರಲ್ಲಿ ಹೆಸರು, ಅವಳ ಮೂಗನ್ನು ಕೇಳುವವರಿರಲಿಲ್ಲ.

ಎರಡು ಸಾವಿರದ ಎರಡರಲ್ಲಿ ಅವರ ಮನೆಗೆ ಗ್ಯಾಸ್ ಬಂತು. ಆ ವರ್ಷವೇ ಒಂದು ಭಾನುವಾರ ನಾನು ಹಗರಿಬೊಮ್ಮನಹಳ್ಳಿಗೆ ಮೊಪೆಡ್‌ನಲ್ಲಿ ಹೊರಟವನು ಗೂಡಂಗಡಿಯಲ್ಲಿ ಬಾಟಲಿ ಪೆಟ್ರೋಲ್ ಕೊಂಡೆ. ಗುರುಸಂಗಪ್ಪ ಮೂಸಿ "ಚೊಕ್ಕ ಐತಿ" ಎಂದ. ಎರಡು ಮೈಲಿ ಹೋಗಿರಲಿಲ್ಲ, ಮೊಪೆಡ್ ಹೊಗೆ ಕಾರಿ ನಿಂತಿತು. ಟ್ಯಾಂಕಿನ ಮುಚ್ಚಳ ತೆಗೆದರೆ ನನ್ನಂಥ ನೆಗಡಿ ಮೂಗಿಗೂ ಸೀಮೆಎಣ್ಣೆ ವಾಸನೆ! ಗೂಡಂಗಡಿಯವನ ಜೊತೆ ಇವನೂ ಶಾಮೀಲು ಎಂದೇ ತಿಳಿದೆ. ಬಿಸಿಲಲ್ಲಿ ಗಾಡಿ ತಳ್ಳುತ್ತ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತ ನೆಟ್ಟಗೆ ಅವನ ಮನೆಗೆ ಬಂದೆ.

ಬಾಗಿಲು ತಳ್ಳಿದೊಡನೆ ಗ್ಯಾಸಿನ ನಾತ ಮುಖಕ್ಕೆ ಬಡಿಯಿತು. ಅನ್ನದಾನಮ್ಮ ಒಲೆ ಮೇಲೆ ಹಾಲಿಟ್ಟು ನೀರಿಗೆ ಹೋಗಿದ್ದಳು. ಹಾಲು ಉಕ್ಕಿ ಒಲೆ ಆರಿತ್ತು. ನಡುಮನೆಯಲ್ಲಿ ಗುರುಸಂಗಪ್ಪ ಬೀಡಿ ಕಚ್ಚಿಕೊಂಡು ಕೂತಿದ್ದ. ಕಡ್ಡಿಪೆಟ್ಟಿಗೆಯಿಂದ ಕಡ್ಡಿ ಹೊರಗೆ ಬಂದಿತ್ತು.

ಬೈಗುಳವೆಲ್ಲ ಮರೆತುಹೋಯಿತು. ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ, ಸಿಲಿಂಡರ್ ಬಂದ್ ಮಾಡಿದೆ, ಕಿಟಕಿ ತೆರೆದು ಅವನನ್ನು ಅಂಗಳಕ್ಕೆ ಎಳೆದು ತಂದೆ.

"ಯಾಕ್ರಿ ಮಾಸ್ತರ, ಏನಾತು?"

"ಮನಿ ತುಂಬ ಗ್ಯಾಸ್ ಐತಿ. ನಾತ ಬರವಲ್ದೇನು ನಿನಗ?"

ಅವನು ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಕೊಡ ಹೊತ್ತು ಬಂದ ಅನ್ನದಾನಮ್ಮನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಎಷ್ಟು ದಿನ ಆತ್ರಿ ಹಿಂಗಾಗಿ?" ಎಂದಳು.

"ಎರಡು ವರ್ಷ. ನಾಲಿಗಿಗೂ ಹತ್ತವಲ್ದು. ಯಾವ ಬಂಕಿಂದು ಅಂತ ಕೇಳಿ ಅಂದಾಜಿಗೆ ಹೇಳ್ತಿದ್ದೆ."

ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಮೊಪೆಡ್ ಕೆಡದೇ ಹೋಗಿದ್ದರೆ ಅವತ್ತು ಆ ಮನೆ ಉಳಿಯುತ್ತಿರಲಿಲ್ಲ.

ದಾವಣಗೆರೆಯ ಡಾಕ್ಟರ್, ಮೂವತ್ತು ವರ್ಷದ ಪೆಟ್ರೋಲು, ಹೊಗೆ, ಜೊತೆಗೆ ಬೀಡಿ, ಎಲ್ಲ ಸೇರಿ ಹೀಗಾಗಿದೆ, ಶ್ವಾಸಕೋಶವೂ ಸೋತಿದೆ, ವಾಸನೆ ಮರಳುವುದು ಅನುಮಾನ ಎಂದರು. ಪೈಪಿಗೆ ಬಾಯಿ ಹಚ್ಚುವುದನ್ನು ಅವನು ಬಿಟ್ಟ. ಆದರೆ ಊರಿಗೆ ಹೇಳಬೇಡಿರೆಂದು ನಮ್ಮಿಬ್ಬರ ಕೈ ಹಿಡಿದು ಬೇಡಿಕೊಂಡ. ಇದ್ದ ಒಂದು ಹೆಸರೂ ಹೋದರೆ ತಾನು ಯಾರು ಎಂಬ ಭಯ ಅವನಿಗೆ.

ತಿಂಗಳಾದ ಮೇಲೆ ಹಡಗಲಿ ಕಡೆಯ ರೈತ ಪಾಲಾಕ್ಷಪ್ಪ ಕ್ಯಾನ್ ತಂದ. ನಾನೂ ಅಲ್ಲೇ ಇದ್ದೆ. ಗುರುಸಂಗಪ್ಪ ಮುಚ್ಚಳ ತೆಗೆದ, ಆದರೆ ಮೂಸಲು ಬಗ್ಗಲಿಲ್ಲ. ಗಂಡನ ಮಾನ ಉಳಿಸಲೆಂದು ಅನ್ನದಾನಮ್ಮ ಮುಂದೆ ಬಂದು ಕ್ಯಾನಿನ ಮೇಲೆ ಬಗ್ಗಿದಳು.

ಅವನು ಕ್ಯಾನ್ ಸರ್ರನೆ ಈಚೆಗೆಳೆದುಕೊಂಡ.

"ನನ್ನ ಮೂಗು ಹೋಗೈತ್ರಿ ಪಾಲಾಕ್ಷಪ್ಪ. ಎರಡು ವರ್ಷಾತು. ಬ್ಯಾರೆ ಕಡಿ ತೋರಿಸ್ರಿ."

ಪಾಲಾಕ್ಷಪ್ಪ ಕಕ್ಕಾಬಿಕ್ಕಿಯಾದ. "ಅಕ್ಕಾರು ಮೂಸಿ ಹೇಳ್ತಾರಲ್ರಿ?"

"ಆಕಿ ಮೂಗು ಮನಿಗೆ ಬೇಕ್ರಿ" ಎಂದು ಗುರುಸಂಗಪ್ಪ ಮುಚ್ಚಳ ಬಿಗಿದು ಕ್ಯಾನನ್ನು ಅವನ ಕೈಗೆ ಕೊಟ್ಟ.