ವೆಂಕಟರಂಗಯ್ಯ ಮೇಷ್ಟ್ರ ಒನ್ಸ್ ಮೋರ್

ಕುಣಿಗಲ್ ಸೀಮೆಯಲ್ಲಿ ಪೌರಾಣಿಕ ನಾಟಕದ ಕಿರೀಟ ತೊಟ್ಟ ಯಾವ ಗಂಡಸನ್ನಾದರೂ ನಿಲ್ಲಿಸಿ ಕೇಳಿ, ಹಾಡು ಹೇಳಿಕೊಟ್ಟೋರು ಯಾರಪ್ಪಾ ಅಂತ. ನೂರಕ್ಕೆ ಎಂಬತ್ತು ಜನ ವೆಂಕಟರಂಗಯ್ಯ ಮೇಷ್ಟ್ರ ಹೆಸರು ಹೇಳುತ್ತಾರೆ. ಮೇಷ್ಟ್ರು ಅಂದರೆ ಸ್ಕೂಲು ಮೇಷ್ಟ್ರಲ್ಲ, ಡ್ರಾಮಾ ಮೇಷ್ಟ್ರು. ಓದಿದ್ದು ನಾಲ್ಕನೇ ಕ್ಲಾಸು. ಹುಟ್ಟಿದ್ದು ಗುಬ್ಬಿ, ಹಾರ್ಮೋನಿಯಂ ಕಲಿತದ್ದೂ ಅಲ್ಲೇ. ಮದುವೆಯಾದ ಮೇಲೆ ಹೆಂಡತಿ ನರಸಿಂಹಮ್ಮನ ಊರು ಕೊತ್ತಗೆರೆಗೆ ಬಂದವರು ಅಲ್ಲೇ ಬೇರು ಬಿಟ್ಟರು. ರಾಗಿ ಕಣ ಮುಗಿಯುತ್ತಿದ್ದಂತೆ ಒಂದಲ್ಲ ಒಂದು ಊರಿನವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಎರಡು ತಿಂಗಳು ಪ್ರಾಕ್ಟೀಸು, ಒಂದು ರಾತ್ರಿ ನಾಟಕ.

ತಾಳ ತಪ್ಪಿದರೆ ಮೇಷ್ಟ್ರು ಕ್ಷಮಿಸುತ್ತಿದ್ದರು. ಒಂದನ್ನು ಮಾತ್ರ ಕ್ಷಮಿಸುತ್ತಿರಲಿಲ್ಲ. "ಜನ ಒನ್ಸ್ ಮೋರ್ ಅಂದ್ರೆ ಅದು ಅಪ್ಪಣೆ ಕಣ್ರಲಾ. ಸತ್ತು ಬಿದ್ದಿರೋ ಪಾರ್ಟಾದ್ರೂ ಸರಿ, ಎದ್ದು ಇನ್ನೊಂದ್ಸಲ ಹಾಡಿ ಆಮೇಲೆ ಸಾಯ್ಬೇಕು!" ಹಾಗೆ ಎರಡೆರಡು ಸಲ ಸತ್ತವರು ಆ ಕಡೆ ಎಷ್ಟೋ ಮಂದಿ ಇದ್ದಾರೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಮೇಷ್ಟ್ರ ವಿಷಯದಲ್ಲಿ ಅದು ಸುಳ್ಳಲ್ಲ. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಹನುಮಂತಮ್ಮ. ಹತ್ತು ವರ್ಷದವಳಿದ್ದಾಗ ಒಂದು ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ, ಅಪ್ಪ ಗಂಡಸರಿಗೆ ಕಲಿಸುತ್ತಿದ್ದ ಹಾಡನ್ನು ಮೊದಲಿಂದ ಕೊನೆವರೆಗೆ ಹಾಡಿದಳು. ಒಂದು ಸ್ವರವೂ ಜಾರಲಿಲ್ಲ. ಮೇಷ್ಟ್ರು ಹಿಗ್ಗಬೇಕಿತ್ತೋ ಇಲ್ಲವೋ? ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬರುತ್ತಿದ್ದ ಕಲಾವಿದೆಯರ ಬಗ್ಗೆ ಊರವರು ಆಡುತ್ತಿದ್ದ ಮಾತೆಲ್ಲ ಅವರ ಕಿವಿಯಲ್ಲಿತ್ತು. ಹಿತ್ತಲಿಗೆ ನುಗ್ಗಿ, "ನಾಟಕದ ಹಾಡು ನಿನಗ್ಯಾಕೆ? ಬಾಯ್ಮುಚ್ಚು!" ಅಂತ ಗದರಿದರು. ಅವಳು ಮುಚ್ಚಿದಳು. ಗೂಳೂರಿಗೆ ಮದುವೆಯಾಗಿ ಹೋದಳು, ಮಗುವಾಯಿತು, ತವರಿಗೆ ಬಂದಾಗ ಅಪ್ಪನ ಎದುರಿಗೆ ಒಂದು ಜೋಗುಳವನ್ನೂ ಹಾಡಲಿಲ್ಲ. ಮೇಷ್ಟ್ರಿಗೆ ಅದು ಚುಚ್ಚುತ್ತಿತ್ತು. ಆದರೆ ಹಾಡಮ್ಮ ಅಂತ ಹೇಳುವ ಮುಖ ಅವರಿಗಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಪಕ್ಕದ ಹಳ್ಳಿಯ ಪ್ರೈಮರಿ ಸ್ಕೂಲಿಗೆ ಪ್ರಮೀಳಾ ಮೇಡಂ ಹೆಡ್ ಮಿಸ್ಸಾಗಿ ಬಂದರು. ಮೊದಲ ದಿನದ ಪ್ರಾರ್ಥನೆ ಕೇಳಿ ಕಂಗಾಲಾದರು. ತೊಂಬತ್ತು ಮಕ್ಕಳು, ತೊಂಬತ್ತು ಶ್ರುತಿ. ಯಾರೋ ಹೇಳಿದರು ಅಂತ ಮೇಷ್ಟ್ರ ಮನೆಗೇ ಬಂದು, "ಶನಿವಾರ ಬೆಳಿಗ್ಗೆ ಒಂದು ಗಂಟೆ ಬಂದು ಮಕ್ಕಳಿಗೆ ಹೇಳ್ಕೊಡಿ ಮೇಷ್ಟ್ರೇ," ಅಂದರು.

"ನಾನು ಹೇಳ್ಕೊಟ್ಟಿರೋದೆಲ್ಲ ಮೀಸೆ ಇರೋರಿಗೆ ತಾಯಿ," ಅಂದರು ಮೇಷ್ಟ್ರು. ಹಾಗಂದರೂ ಶನಿವಾರ ಹಾರ್ಮೋನಿಯಂ ಪೆಟ್ಟಿಗೆಯನ್ನು ಸೈಕಲ್ ಕ್ಯಾರಿಯರಿಗೆ ಹಳೇ ಟ್ಯೂಬಿನಲ್ಲಿ ಬಿಗಿದುಕೊಂಡು ಹೊರಟರು.

ಮೊದಲ ದಿನ ರಾದ್ಧಾಂತವೇ. ಮೈಕಿಲ್ಲದ ಕಾಲದ ನಾಟಕದವರು ಕೊನೇ ಸಾಲಿಗೆ ಕೇಳಲಿ ಅಂತ ಕೂಗುತ್ತಿದ್ದ ಶ್ರುತಿಯನ್ನೇ ಮೇಷ್ಟ್ರು ಹಿಡಿದರು. ಮಕ್ಕಳು ಕತ್ತಿನ ನರ ಉಬ್ಬಿಸಿ ಕಿರುಚಿದವು, ಮರದ ಮೇಲಿನ ಕಾಗೆಗಳು ಎದ್ದು ಹೋದವು. ಮುಂದಿನ ವಾರ ಮೇಷ್ಟ್ರು ಶ್ರುತಿ ಇಳಿಸಿದರು. ಆಗ ಐದನೇ ಕ್ಲಾಸಿನ ಯಶಸ್ವಿನಿ ಅನ್ನುವ ಹುಡುಗಿಯ ದನಿ ಎಲ್ಲರ ದನಿಯಿಂದ ಬೇರೆಯಾಗಿ, ತಿಳಿಯಾಗಿ ಕೇಳಿಸಿತು. ಮೂವತ್ತು ವರ್ಷದ ಕಸುಬಿನಲ್ಲಿ ಅವರು ಹೆಣ್ಣುಮಗುವಿಗೆ ಸರಿಗಮ ಹೇಳಿಕೊಟ್ಟಿದ್ದು ಅದೇ ಮೊದಲು. ಅವತ್ತು ಮನೆಗೆ ಹೋಗಿ ಊಟಕ್ಕೆ ಕೂತವರು ತುತ್ತು ಎತ್ತಲಿಲ್ಲ. "ತಪ್ಪು ಮಾಡ್ಬುಟ್ಟೆ ಕಣೇ ನರಸಿಂಹಿ," ಅಂದರು. ಯಾವ ತಪ್ಪು ಅಂತ ನರಸಿಂಹಮ್ಮನಿಗೆ ಗೊತ್ತಿತ್ತು.

ಅಲ್ಲಿಂದ ಮುಂದೆ ಮೇಷ್ಟ್ರಿಗೆ ವಾರವೆಂದರೆ ಶನಿವಾರ ಒಂದೇ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಒಂದು ಶನಿವಾರ ಇಲಾಖೆಯ ಸಾಹೇಬರು ವಿಸಿಟ್‌ಗೆ ಬಂದರು. "ಯಾರ್ರೀ ಇವರು? ಟ್ರೈನಿಂಗ್ ಆಗಿದೆಯಾ? ಆರ್ಡರ್ ಎಲ್ಲಿ?" ಪ್ರಮೀಳಾ ಮೇಡಂ ಕೈಮುಗಿದು ಕೇಳಿಕೊಂಡ ಮೇಲೆ ಸಾಹೇಬರು ಒಂದು ಮೆಟ್ಟಿಲು ಇಳಿದರು. "ಈ ಸಲ ಪ್ರತಿಭಾ ಕಾರಂಜಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಪ್ರೈಜ್ ತನ್ನಿ, ನಾನೇ ಪರ್ಮಿಷನ್ ಬರೆದುಕೊಡ್ತೀನಿ. ಇಲ್ಲಾಂದ್ರೆ ಈ ಪೆಟ್ಟಿಗೆ ಕಾಂಪೌಂಡ್ ಒಳಗೆ ಕಾಣಬಾರದು."

ಹೋಬಳಿಯಲ್ಲಿ ಗೆದ್ದರು, ತಾಲ್ಲೂಕಿನಲ್ಲೂ ಗೆದ್ದರು. ರಾಗಿ ಹೊಲಕ್ಕೆ ಬೀಳುವ ಗಿಳಿ ಹಿಂಡಿನ ಮೇಲೆ ಮೇಷ್ಟ್ರೇ ಕಟ್ಟಿದ ಹಾಡು, ಆರು ಹುಡುಗಿಯರು, ಮುಂದೆ ಯಶಸ್ವಿನಿ. ಜಿಲ್ಲಾ ಮಟ್ಟಕ್ಕೆ ಟೆಂಪೋ ಮಾಡಿಕೊಂಡು ತುಮಕೂರಿಗೆ ಹೋದರು. ದಾರಿಯುದ್ದಕ್ಕೂ ಮೇಡಂದು ಒಂದೇ ಮಾತು: "ಐದೇ ನಿಮಿಷ ಮೇಷ್ಟ್ರೇ. ಬೆಲ್ ಆದ ಮೇಲೂ ಹಾಡ್ತಿದ್ರೆ ಔಟು."

"ನಾಲ್ಕೂವರೆ ನಿಮಿಷಕ್ಕೆ ಮುಗಿಸ್ತೀನಿ ತಾಯಿ," ಅಂದರು ಮೇಷ್ಟ್ರು. ಮುಗಿಸಿದರು ಕೂಡ. ಚಪ್ಪಾಳೆ ಬಿತ್ತು. ತೀರ್ಪುಗಾರರು ತಲೆದೂಗುತ್ತಾ ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಸಭಾಂಗಣದ ಹಿಂದಿನಿಂದ ಒಂದು ಹೆಣ್ಣು ದನಿ ಗಟ್ಟಿಯಾಗಿ ಕೂಗಿತು.

"ಒನ್ಸ್ ಮೋರ್!"

ಮೇಷ್ಟ್ರು ಕತ್ತೆತ್ತಿ ನೋಡಿದರು. ಕಂಬದ ಪಕ್ಕ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹನುಮಂತಮ್ಮ ನಿಂತಿದ್ದಳು. ಅಮ್ಮನಿಂದ ಸುದ್ದಿ ತಿಳಿದು ಬಂದಿದ್ದಳು, ಬರುತ್ತೇನೆ ಅಂತ ಅಪ್ಪನಿಗೆ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಒನ್ಸ್ ಮೋರ್ ಅಪ್ಪಾ!" ಅಂತ ಇನ್ನೊಮ್ಮೆ ಕೂಗಿದಳು.

ಹುಡುಗಿಯರು ಮೇಷ್ಟ್ರ ಮುಖ ನೋಡಿದರು. ಸ್ಟೇಜಿನ ಮಗ್ಗುಲಲ್ಲಿ ಪ್ರಮೀಳಾ ಮೇಡಂ ಬೇಡ ಬೇಡ ಅಂತ ಎರಡೂ ಕೈ ಆಡಿಸುತ್ತಿದ್ದರು. ಮೇಷ್ಟ್ರಿಗೆ ಬೆಲ್ ಮರೆತಿರಲಿಲ್ಲ, ಸಾಹೇಬರ ಮಾತೂ ಮರೆತಿರಲಿಲ್ಲ. ಎಲ್ಲಾ ಗೊತ್ತಿದ್ದೂ ಹಾರ್ಮೋನಿಯಂ ತಿದಿ ಒತ್ತಿದರು, ಶ್ರುತಿ ಕೊಟ್ಟರು. ಹುಡುಗಿಯರು ಎರಡನೇ ಸಲ ಮೊದಲಿಗಿಂತ ಚೆನ್ನಾಗಿ ಹಾಡಿದರು. ನಡುವೆ ಬೆಲ್ ಬಡಿಯಿತು, ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಮೈಕಿನಲ್ಲಿ, ಸಮಯ ಮೀರಿದ್ದರಿಂದ ಈ ತಂಡವನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ ಅಂದರು.

ವಾಪಸು ಬರುವಾಗ ಗೂಳೂರಿನವರೆಗೆ ಹನುಮಂತಮ್ಮನೂ ಟೆಂಪೋ ಹತ್ತಿದಳು. ನಿಯಮದ ವಿಷಯ ತಿಳಿದು ಹಣೆ ಚಚ್ಚಿಕೊಂಡಳು. "ನನ್ನಿಂದ ಎಲ್ಲಾ ಹಾಳಾಯ್ತಲ್ಲಪ್ಪಾ!"

ಮೇಡಂಗೆ ಸಿಟ್ಟು ಇಳಿದಿರಲಿಲ್ಲ. "ಅವರಿಗೆ ಗೊತ್ತಿರ್ಲಿಲ್ಲ, ಸರಿ. ನಿಮಗೆ ಗೊತ್ತಿತ್ತಲ್ಲ ಮೇಷ್ಟ್ರೇ!"

"ಗೊತ್ತಿತ್ತು ತಾಯಿ. ಹಾಡ್ಬೇಡ ಅಂತ ಇವಳ ಬಾಯಿ ಮುಚ್ಚಿಸಿದೋನು ನಾನು. ಇಪ್ಪತ್ತು ವರ್ಷ ಆದ್ಮೇಲೆ ಬಾಯಿ ಬಿಟ್ಟು ಒಂದು ಕೇಳಿದ್ಲು. ಹೆಂಗೆ ಇಲ್ಲ ಅನ್ಲಿ?" ಅಂದರು ಮೇಷ್ಟ್ರು. ಹನುಮಂತಮ್ಮ ಗೂಳೂರು ಬರುವವರೆಗೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದಳು.

ಮುಂದಿನ ಶನಿವಾರ ಮೇಷ್ಟ್ರು ತುಮಕೂರಿಂದ ಬಂದ ದಿನ ಸ್ಕೂಲಿನಲ್ಲೇ ಉಳಿದಿದ್ದ ಪೆಟ್ಟಿಗೆ ತರಲು ಹೋದರು. ಕ್ಯಾರಿಯರಿಗೆ ಬಿಗಿದು, ಯಾರ ಮುಖವನ್ನೂ ನೋಡದೆ ಗೇಟಿನ ಆಚೆಗೆ ಸೈಕಲ್ ತಳ್ಳಿದರು. ಆಗ ಕಿಟಕಿಯಿಂದ ಯಶಸ್ವಿನಿ ಕೂಗಿದಳು, "ಮೇಷ್ಟ್ರೇ, ಒನ್ಸ್ ಮೋರ್!" ಹಿಂದೆಯೇ ಇಡೀ ಸ್ಕೂಲು, "ಒನ್ಸ್ ಮೋರ್! ಒನ್ಸ್ ಮೋರ್!" ತಾವೇ ಕಲಿಸಿದ ಪಾಠ, ಯಾರನ್ನು ಬೈಯೋದು?

ಪ್ರಮೀಳಾ ಮೇಡಂ ಜಗಲಿಗೆ ಬಂದರು. ಎದುರಿನ ಅರಳಿಕಟ್ಟೆಯ ಕಡೆ ನೋಡಿ ಹೇಳಿದರು: "ಇನ್ನರ್ಧ ಗಂಟೆಗೆ ಸ್ಕೂಲ್ ಬಿಡುತ್ತೆ ಮೇಷ್ಟ್ರೇ. ಬಿಟ್ಟ ಮೇಲೆ ಕಾಂಪೌಂಡ್ ಆಚೆ ಮಕ್ಕಳು ಏನ್ ಮಾಡ್ತಾರೆ ಅಂತ ಕೇಳೋಕೆ ನನಗೆ ಆರ್ಡರ್ ಇಲ್ಲ."

ಎಷ್ಟು ಕಾಲ ಕಳೆದರೂ ಪರ್ಮಿಷನ್ ಬರಲೇ ಇಲ್ಲ. ಕಟ್ಟೆಯ ಮೇಲಿನ ಪಾಠ ಆರು ವರ್ಷ ನಡೆಯಿತು. ಮೊದಲ ವರ್ಷದ ದಸರಾ ರಜೆಗೆ ತವರಿಗೆ ಬಂದ ಹನುಮಂತಮ್ಮ ಒಂದು ಶನಿವಾರ ಮಗುವಿನ ಜೊತೆ ಬಂದು ಮಕ್ಕಳ ಹಿಂದೆ ಕೂತಳು. ಮೇಷ್ಟ್ರು ಕಂಡೂ ಕಾಣದವರಂತೆ ಶ್ರುತಿ ಹಿಡಿದರು. ಮಕ್ಕಳು ಹಾಡಿ ನಿಲ್ಲಿಸಿದ ಮೇಲೆ ಹಿಂದಿನಿಂದ ಆ ಹಳೇ ಹಾಡು, ಹಿತ್ತಲಿನ ಹಾಡು, ಮೆಲ್ಲಗೆ ಶುರುವಾಯಿತು. ಮಧ್ಯದಲ್ಲಿ ಒಂದೆರಡು ಕಡೆ ಸ್ವರ ಜಾರಿತು. ಆದರೂ ಕೊನೆವರೆಗೆ ಹಾಡಿದಳು. ಮಕ್ಕಳೆಲ್ಲ ಮೇಷ್ಟ್ರ ಕಡೆ ತಿರುಗಿದವು.

ಮೇಷ್ಟ್ರು ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಎಷ್ಟೋ ಜನಕ್ಕೆ ಆ ಅಪ್ಪಣೆಯನ್ನು ಪಾಲಿಸುವುದು ಕಲಿಸಿದ್ದರೇ ಹೊರತು, ತಾವಾಗಿ ಆ ಮಾತನ್ನು ಯಾರಿಗೂ ಕೂಗಿದವರಲ್ಲ.

"ಒನ್ಸ್ ಮೋರ್ ಕಣವ್ವಾ," ಅಂದರು.