ಆಕಾಶದಿಂದ ಕಂಡ ಮನೆ

ಕೂಡ್ಲಿಗಿಯಿಂದ ಕಾನಹೊಸಹಳ್ಳಿ ಕಡೆ ಹೋಗುವಾಗ ಹೆದ್ದಾರಿಯ ಪಕ್ಕ ಸಣ್ಣದೊಂದು ವಿಮಾನಪಟ್ಟಿ ಇತ್ತು. ಜನರ ಬಾಯಲ್ಲಿ ಅದು ಇಮಾನದ ಬಯಲು. ವರ್ಷಕ್ಕೆ ನಾಲ್ಕೈದು ಪುಟ್ಟ ವಿಮಾನ ಇಳಿದರೆ ಹೆಚ್ಚು. ಗೇಟಿನ ಕೀಲಿ ಗುರುಬಸವರಾಜನದು, ಉಳಿದ ಕೆಲಸವೆಲ್ಲ ಜೋಗಪ್ಪನದು. ಕಲ್ಲು ಆಯುವುದು, ಇಲಿಬಿಲ ಮುಚ್ಚುವುದು, ಕುರಿ ಅಟ್ಟುವುದು. ಗಾಳಿ ತೋರಿಸುವ ಬಟ್ಟೆಚೀಲ ಹರಿದುಹೋದ ಮೇಲೆ, ವಿಮಾನ ಬರುವ ದಿನ ಹಸಿ ಬೇವಿನ ಸೊಪ್ಪು ಸುಟ್ಟು ಹೊಗೆ ಎಬ್ಬಿಸುತ್ತಿದ್ದವನೂ ಅವನೇ. ಹೊಗೆ ವಾಲಿದ ದಿಕ್ಕು ನೋಡಿ ಪೈಲಟ್ ಇಳಿಯುತ್ತಿದ್ದ. ಮಧ್ಯಾಹ್ನ ಇಬ್ಬರೂ ಜಾಲಿಮರದ ಕೆಳಗೆ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು.

ತೊಂಬತ್ತೆಂಟರ ಚಳಿಗಾಲದಲ್ಲಿ ಇಳಿದ ಒಬ್ಬ ಪೈಲಟ್ ಪಟ್ಟಿಯ ಮೇಲೆ ಅಡ್ಡಾಡಿ, "ಇಷ್ಟು ಚೊಕ್ಕಟ ಇಟ್ಟವರು ಯಾರು? ಬನ್ನಿ, ಒಂದು ಸುತ್ತು ಹಾಕಿಸ್ತೀನಿ" ಅಂದ. ಪೈಲಟ್ ಪಕ್ಕ ಖಾಲಿ ಇದ್ದದ್ದು ಒಂದೇ ಸೀಟು. ಜೋಗಪ್ಪ ಪೊರಕೆ ಹಿಡಿದು ನಾಲ್ಕು ಮಾರು ಆಚೆ ನಿಂತಿದ್ದ.

"ನಾನ್ರಿ," ಅಂದ ಗುರುಬಸವರಾಜ.

ಜೋಗಪ್ಪನಿಗೆ ಕೇಳಿಸಿತ್ತು. "ಹೋಗಿ ಬಾ ಗುರಣ್ಣ, ಕುರಿ ಅಟ್ಟಾಕ ಒಬ್ಬ ಬೇಕಲ್ಲ. ನಮ್ಮ ಮನಿ ಮ್ಯಾಲಿಂದ ಹೆಂಗ ಕಾಣತೈತಿ, ನೋಡ್ಕಂಡು ಬಾ."

ಗಾಲಿ ನೆಲ ಬಿಟ್ಟ ಕೂಡಲೇ ಗುರುಬಸವರಾಜ ಹೆದರಿ ಕಣ್ಣು ಮುಚ್ಚಿದ. ತೆರೆದದ್ದು ಮತ್ತೆ ನೆಲ ಮುಟ್ಟಿದ ಮೇಲೆ.

"ಕಾಣ್ತೇನು?"

"ಕಾಣಲಾರದೇನಲೇ ಜೋಗ್ಯಾ? ಊರಾಗೆಲ್ಲ ನಿಂದ ಎದ್ದು ಕಾಣ್ತು. ಬೆಳ್ಳಗ, ಹಾಲು ಚೆಲ್ಲಿದಂಗ."

"ನಮ್ಮದು ಮಣ್ಣಿನ ಮಾಳಿಗಿ, ಗುರಣ್ಣ."

"ಗ್ವಾಡಿ ಸುಣ್ಣ ಐತೆಲ್ಲೋ."

ಅಂದಿನಿಂದ ಜೋಗಪ್ಪ ಪ್ರತಿ ದೀಪಾವಳಿಗೆ ಮಾಳಿಗೆ ಹತ್ತಿ ಆ ಮಣ್ಣಿನ ಚಾವಣಿಗೂ ಸುಣ್ಣ ಬಳಿಯತೊಡಗಿದ. "ಯಾರಿಗಪಾ ಈ ಸಿಂಗಾರ, ಹದ್ದಿಗೇನು?" ಎಂದು ಪಕ್ಕದ ಮನೆಯ ಹುಲುಗಪ್ಪ ಕಾಡಿಸಿದರೆ, "ಗುರಣ್ಣ ಕಣ್ಣಾರೆ ನೋಡ್ಯಾನ" ಅನ್ನುತ್ತಿದ್ದ. ಅದು ಕಿವಿಗೆ ಬಿದ್ದಾಗೆಲ್ಲ ಗುರುಬಸವರಾಜ ಮಾತು ಬೇರೆ ಕಡೆ ತಿರುಗಿಸುತ್ತಿದ್ದ. ಮುಂದೆಯೂ ವಿಮಾನ ಬಂದವು. ಜೋಗಪ್ಪನನ್ನೂ ಒಮ್ಮೆ ಕೂರಿಸಿರಿ ಎಂದು ಪೈಲಟ್‌ನನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಕೇಳಿದರೆ ಮೊದಲ ದಿನದ ಆ "ನಾನ್ರಿ" ಸುಳ್ಳೆಂದು ಒಪ್ಪಿದಂತೆ.

ಎರಡು ಸಾವಿರದ ಐದರಲ್ಲಿ ಜೋಗಪ್ಪ ಕಾಮಾಲೆಯಾಗಿ ತೀರಿಕೊಂಡ. ಮೂರನೆಯ ದಿನ ಗುರುಬಸವರಾಜ ಅವನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಜೋಗಪ್ಪನ ಹೆಂಡತಿ ಗಾಳೆಮ್ಮ ಮಗಳನ್ನು ಕರೆದುಕೊಂಡು ಬಂದಳು.

"ಅಣ್ಣಾರ, ನಮ್ಮ ಮನಿ ಮ್ಯಾಲಿಂದ ಹೆಂಗ ಕಂಡಿತ್ತು, ಪ್ರಿಯಾಗ ಒಮ್ಮೆ ಹೇಳ್ರಿ. ನೋಡಿದವ್ರ ಬಾಯಿಂದ ಕೇಳಲಿ."

ಈಗಲಾದರೂ ನಿಜ ಹೇಳಬೇಕೆಂದು ಗುರುಬಸವರಾಜ ಬಾಯಿ ತೆರೆದ. ಹುಡುಗಿಯ ಮುಖ ನೋಡಿ ಅದು ಆಗಲಿಲ್ಲ. "ಬೆಳ್ಳಗಿತ್ತವ್ವ," ಅಂದ. ಅಷ್ಟು ಸಾಲದೆನ್ನಿಸಿತು. "ಅಂಗಳದಾಗ ನಿಮ್ಮಪ್ಪ ನಿಂತು ಕೈ ಬೀಸಾಕತ್ತಿದ್ದ."

"ಅಪ್ಪ ಅವತ್ತು ಬಯಲಾಗ ಕುರಿ ಅಟ್ಟಾಕತ್ತಿದ್ನಂತಲ್ಲ, ಕಾಕಾ?"

ಗುರುಬಸವರಾಜ ಕಟ್ಟೆಯಿಂದ ಇಳಿದು ಚಪ್ಪಲಿಗೆ ಕಾಲು ತೂರಿಸಿದ. ಗಾಳೆಮ್ಮ ಅವನ ಮುಖ ನೋಡಿದಳು. ಆಮೇಲೆ "ಕಾಕಾಗ ಚಾ ಇಡು, ಹೋಗು" ಎಂದು ಮಗಳನ್ನು ಒಳಗೆ ಕಳಿಸಿದಳು.